ವೀರನಹೊಸಹಳ್ಳಿಯ ಹೊಲಗಳಿಗೆ ವಸಂತ ಬರುವ ಬಗೆ

ಕಾವ್ಯಗಳಲ್ಲಿ ವಸಂತನು ಕೋಗಿಲೆಯ ದನಿಯೊಡನೆ, ಮಾವಿನ ಚಿಗುರಿನೊಡನೆ ಬರುತ್ತಾನೆ. ಎರಡು ಮೂರು ಎಕರೆ ಕೆಂಪು ಮಣ್ಣಿನ ಹೊಲವನ್ನೇ ನಂಬಿದ ಒಕ್ಕಲು ಮನೆಗೆ ಅವನು ಬರುವ ಬಗೆ ಬೇರೆ. ಅಲ್ಲಿ ವಸಂತವೆಂದರೆ ಹಗೇವಿನ ರಾಗಿ ತಳ ಕಾಣುವ ಕಾಲ, ತಿಪ್ಪೆಯ ಗೊಬ್ಬರವನ್ನು ಗಾಡಿಗೆ ತುಂಬುವ ಕಾಲ, ಬಿತ್ತನೆಗೆ ಹಣ ಎಲ್ಲಿಂದ ಬರಬೇಕೆಂದು ಮನೆಯ ಹಿರಿಯನು ಜಗುಲಿಯ ಮೇಲೆ ಕುಳಿತು ಲೆಕ್ಕ ಹಾಕುವ ಕಾಲ. ಹುಣಸೂರು ತಾಲ್ಲೂಕಿನ ಪಶ್ಚಿಮದಲ್ಲಿ, ನಾಗರಹೊಳೆಯ ಅರಣ್ಯಕ್ಕೆ ಹೆಬ್ಬಾಗಿಲಾಗಿರುವ ವೀರನಹೊಸಹಳ್ಳಿಯ ಸುತ್ತಿನ ಹೊಲಗಳಲ್ಲಿ ಈ ಋತುವು ಶತಮಾನಗಳಿಂದ ಹೇಗೆ ಬಂದಿದೆ, ಈಗ ಹೇಗೆ ಬರುತ್ತಿದೆ ಎಂಬುದನ್ನು ವಿಚಾರಿಸುವುದು ಬೇಸಾಯಗಾರರಿಗೆ ಮಾತ್ರವಲ್ಲ, ಆ ಬೇಸಾಯದ ಫಲವನ್ನು ಕೊಂಡು ಮಾರಿ ಬದುಕಿದ ವರ್ತಕ ಸಮಾಜಕ್ಕೂ ಅಗತ್ಯವಾದ ಕಾರ್ಯ.

ವೀರನಹೊಸಹಳ್ಳಿ ಎಂದೊಡನೆ ಇಂದಿನವರಿಗೆ ನೆನಪಾಗುವುದು ಮೈಸೂರು ದಸರೆಯ ಗಜಪಯಣ. ಜಂಬೂಸವಾರಿಯ ಆನೆಗಳಿಗೆ ಪೂಜೆ ಸಲ್ಲಿಸಿ, ಕಬ್ಬು ಬೆಲ್ಲ ತಿನ್ನಿಸಿ, ವಾದ್ಯಗಳೊಡನೆ ಮೈಸೂರಿಗೆ ಬೀಳ್ಕೊಡುವುದು ಇಲ್ಲಿಂದಲೇ. ಅದು ಮಳೆಗಾಲದ ಹಬ್ಬ. ಮಾಘ ಕಳೆದು ಫಾಲ್ಗುಣ ಕಾಲಿಡುವಾಗ ಈ ಊರಿನ ಮುಖ ಬೇರೆಯೇ ಆಗಿರುತ್ತದೆ. ಕಾಡಂಚಿನ ಮತ್ತಿ, ದಿಂಡಿಗ, ತೇಗದ ಮರಗಳು ಎಲೆಯುದುರಿಸಿ ಬೋಳಾಗಿ ನಿಲ್ಲುತ್ತವೆ. ಅವುಗಳ ನಡುವೆ ಮುತ್ತುಗ ಒಂದು ಎಲೆಯೂ ಇಲ್ಲದೆ ಕೆಂಡದಂತಹ ಹೂ ಹೊತ್ತುಕೊಳ್ಳುತ್ತದೆ. ಬೂರುಗದ ಕೆಂಪು ಹೂಗಳು ನೆಲಕ್ಕುರುಳುತ್ತವೆ. ಬದುವಿನ ಹೊಂಗೆ ಹಳೆಯ ಎಲೆಯನ್ನು ಕೆಡವಿ ಕೆಲವೇ ದಿನಗಳಲ್ಲಿ ಎಳೆಹಸುರನ್ನು ತಳೆಯುತ್ತದೆ. ಹುಣಸೆಯ ಕಾಯಿ ಹಣ್ಣಾಗಿ ಓಡು ಬಿಡುತ್ತದೆ. ಹುಣಸೂರಿಗೆ ಹೆಸರು ಕೊಟ್ಟ ಮರವೆಂದು ಜನ ನಂಬಿರುವ ಈ ಹುಣಸೆಯ ಕೊಯ್ಲೇ ಸಣ್ಣ ಹಿಡುವಳಿಯ ವಸಂತದ ಮೊದಲ ಆದಾಯ. ಗಂಡಸರು ಮರ ಹತ್ತಿ ಗಳುವಿನಿಂದ ಬಡಿದರೆ ಹೆಂಗಸರು ಮಕ್ಕಳು ಆಯ್ದು, ಓಡು ಬಿಡಿಸಿ, ಬೀಜ ತೆಗೆದು, ಉಂಡೆ ಕಟ್ಟುತ್ತಾರೆ. ಒಂದು ಮರದ ಹಣ್ಣಿನಿಂದ ಮನೆಯ ವರ್ಷದ ಸಾರಿಗೂ ಒದಗಿ, ಮಿಕ್ಕದ್ದು ಸಂತೆಗೂ ಹೋಗುತ್ತಿತ್ತು. ಬದುವಿನ ಮೇಲೆ ತಾನಾಗಿ ಬೆಳೆದು, ಉಳುಮೆಯನ್ನೂ ನೀರನ್ನೂ ಕೇಳದೆ ಕೊಡುವ ಈ ಮರದಷ್ಟು ಅಲ್ಪಹಿಂಸೆಯ ಆದಾಯ ರೈತನ ಪಾಲಿಗೆ ಬೇರೊಂದಿರಲಾರದು. ಆ ಮರಗಳಿಗೆ ಮುಂದೆ ಏನಾಯಿತೆಂಬುದನ್ನು ಮುಂದೆ ನೋಡೋಣ.

ಯುಗಾದಿಗೆ ಮುಂಚಿನ ದಿನಗಳಲ್ಲಿ ತಿಪ್ಪೆಯ ಗೊಬ್ಬರವೂ, ಬತ್ತಿದ ಕೆರೆಯ ಗೋಡುಮಣ್ಣೂ ಹೊಲಕ್ಕೆ ಸಾಗುತ್ತವೆ. ಹಬ್ಬದ ದಿನ ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ನೇಗಿಲಿಗೆ ಪೂಜೆ ಮಾಡಿ ಹೊನ್ನಾರು ಕಟ್ಟುತ್ತಾರೆ. ಹೊನ್ನಾರು ಎಂದರೆ ವರ್ಷದ ಮೊದಲ ಉಳುಮೆ. ಕೆಲವು ಸಾಲು ಮಾತ್ರ ಉತ್ತು ನಿಲ್ಲಿಸುವ ಈ ವಿಧಿ ಹಳೆಯ ಮೈಸೂರಿನ ಸೀಮೆಯಲ್ಲೆಲ್ಲ ರೂಢಿಯಲ್ಲಿತ್ತು, ಎಷ್ಟೋ ಊರುಗಳಲ್ಲಿ ಇಂದಿಗೂ ಉಳಿದಿದೆ. ಅದಾದ ಮೇಲೆ ರೈತನ ಪಂಚಾಂಗವೆಲ್ಲ ಮಳೆ ನಕ್ಷತ್ರಗಳದೇ. ಏಪ್ರಿಲ್ ನಡುವೆ ಅಶ್ವಿನಿ, ತಿಂಗಳ ಕೊನೆಗೆ ಭರಣಿ, ಮೇ ಎರಡನೆಯ ವಾರದಿಂದ ಕೃತ್ತಿಕೆ, ಅನಂತರ ರೋಹಿಣಿ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂಬ ಗಾದೆಯ ಹಿಂದೆ ಬಹುಕಾಲದ ಅನುಭವವಿದೆ. ಈ ಮುಂಗಾರು ಪೂರ್ವದ ಗುಡುಗು ಮಳೆಗಳು ನೆಲವನ್ನು ಹದಗೊಳಿಸದೆ ಹೋದರೆ ಕೂರಿಗೆ ಹಿಡಿಯುವಂತಿಲ್ಲ. ರಾಗಿಯ ಸಾಲುಗಳ ನಡುವೆ ಅವರೆ, ತೊಗರಿ, ಹುಚ್ಚೆಳ್ಳು, ಜೋಳಗಳನ್ನು ಅಕ್ಕಡಿಯಾಗಿ ಬಿತ್ತುವುದು ಇಲ್ಲಿನ ಪದ್ಧತಿ. ಒಂದು ಬೆಳೆ ಕೈಕೊಟ್ಟರೂ ಇನ್ನೊಂದು ಹೊಟ್ಟೆಗೆ ಒದಗಲೆಂಬ ಈ ಅಕ್ಕಡಿಯ ಲೆಕ್ಕವು ಯಾವ ವಾಣಿಜ್ಯ ಶಾಸ್ತ್ರದ ಪುಸ್ತಕದ ಲೆಕ್ಕಕ್ಕಿಂತಲೂ ಕಡಿಮೆಯದಲ್ಲ.

ಕೃಷಿಯಲ್ಲಿ ಹಿಂಸೆಯಿದೆ, ಆದ್ದರಿಂದಲೇ ಜೈನರು ವ್ಯಾಪಾರಕ್ಕೆ ಹೋದರು ಎಂಬ ಮಾತು ಸಮಾಜದಲ್ಲಿ ಬಹುವಾಗಿ ಬಳಕೆಯಲ್ಲಿದೆ. ಈ ಮಾತು ಅರ್ಧ ಸತ್ಯ. ಕರ್ನಾಟಕದ ಜೈನರಲ್ಲಿ ಬಹು ದೊಡ್ಡ ಭಾಗವು ಉಳುವವರದೇ. ಉತ್ತರ ಕರ್ನಾಟಕದ ಚತುರ್ಥ, ಪಂಚಮರನ್ನು ನೋಡಿದರೆ ಸಾಕು. ಒಂಬತ್ತನೆಯ ಶತಮಾನದ ಜಿನಸೇನಾಚಾರ್ಯರ ಆದಿಪುರಾಣದಲ್ಲಿ, ಅದನ್ನನುಸರಿಸಿ 941ರಲ್ಲಿ ಪಂಪನು ರಚಿಸಿದ ಕನ್ನಡ ಆದಿಪುರಾಣದಲ್ಲಿ, ಕಲ್ಪವೃಕ್ಷಗಳು ಕ್ಷೀಣಿಸಿದಾಗ ಪ್ರಜೆಗಳು ಬದುಕುವ ದಾರಿಯನ್ನು ಅರಸಿ ಬಂದದ್ದು ವೃಷಭನಾಥರ ಬಳಿಗೆ. ಅವರು ಬೋಧಿಸಿದ ಷಟ್ಕರ್ಮಗಳು ಅಸಿ, ಮಷಿ, ಕೃಷಿ, ವಿದ್ಯಾ, ವಾಣಿಜ್ಯ, ಶಿಲ್ಪ. ವಾಣಿಜ್ಯದ ಪಕ್ಕದಲ್ಲಿಯೇ ಕೃಷಿಯೂ ಇದೆ. ಈ ಪ್ರಥಮ ಕೃಷಿಗುರುವಿನ ಜನ್ಮವೂ ದೀಕ್ಷೆಯೂ ಚೈತ್ರ ಕೃಷ್ಣ ನವಮಿಯಂದು ಎಂದು ಸಂಪ್ರದಾಯ ಹೇಳುತ್ತದೆ. ಉತ್ತರದ ಪೂರ್ಣಿಮಾಂತ ಎಣಿಕೆಯ ಈ ತಿಥಿ ನಮ್ಮ ಪಂಚಾಂಗದಲ್ಲಿ ಫಾಲ್ಗುಣ ಬಹುಳಕ್ಕೆ ಬೀಳುತ್ತದೆ. ಅಂದರೆ ಹೊನ್ನಾರಿಗೆ ಕೆಲವೇ ದಿನ ಮೊದಲು. ದೀಕ್ಷೆಯ ಮೇಲೆ ವರ್ಷಕ್ಕೂ ಮಿಗಿಲಾಗಿ ನಿರಾಹಾರರಾಗಿದ್ದ ಆ ಮಹಾಮುನಿಗೆ ಹಸ್ತಿನಾಪುರದಲ್ಲಿ ಶ್ರೇಯಾಂಸನು ನೀಡಿದ ಪ್ರಥಮ ಆಹಾರವೂ ಹೊಲದ ಬೆಳೆಯೇ ಆದ ಕಬ್ಬಿನ ರಸ. ಅಕ್ಷಯ ತೃತೀಯೆಯ ಆ ದಿನವು ಭರಣಿ ಮಳೆಯನ್ನು ರೈತನು ಎದುರು ನೋಡುವ ದಿನಗಳ ಆಸುಪಾಸಿನಲ್ಲಿಯೇ ಬರುತ್ತದೆ.

ಹಿಂಸೆಯ ಪ್ರಶ್ನೆಯನ್ನು ಆಚಾರ್ಯರು ತಪ್ಪಿಸಿಕೊಂಡವರಲ್ಲ. ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ಹಿಂಸೆಯನ್ನು ನಾಲ್ಕಾಗಿ ವಿಂಗಡಿಸಿ, ಗೃಹಸ್ಥನು ಮೊದಲನೆಯದನ್ನು ಪೂರ್ಣವಾಗಿ ತೊರೆಯಬೇಕು, ಉಳಿದವುಗಳಲ್ಲಿ ಎಚ್ಚರದಿಂದಿರಬೇಕು ಎಂದರು. 959ರಲ್ಲಿ ಯಶಸ್ತಿಲಕವನ್ನು ಮುಗಿಸಿದ ಸೋಮದೇವಸೂರಿಗಳು ಬೆಸ್ತನನ್ನೂ ಬೇಸಾಯಗಾರನನ್ನೂ ಅಕ್ಕಪಕ್ಕದಲ್ಲಿ ನಿಲ್ಲಿಸಿ, ಬಲೆಗೆ ಮೀನು ಬೀಳದ ದಿನವೂ ಮೊದಲಿನವನಿಗೆ ಪಾಪವುಂಟು, ನೇಗಿಲಿಗೆ ಜೀವಿ ಸಿಕ್ಕ ದಿನವೂ ಎರಡನೆಯವನಿಗೆ ಅಂತಹ ಪಾಪವಿಲ್ಲ, ಏಕೆಂದರೆ ಅವರವರ ಭಾವ ಬೇರೆ ಎಂಬ ಅಭಿಪ್ರಾಯವನ್ನು ತಿಳಿಸಿದ್ದಾರೆ. ಶ್ರಾವಕನ ಹನ್ನೊಂದು ಪ್ರತಿಮೆಗಳಲ್ಲಿ ಕೃಷ್ಯಾದಿ ಆರಂಭಗಳ ತ್ಯಾಗ ಬರುವುದು ಎಂಟನೆಯದಾಗಿ. ಅಲ್ಲಿಯವರೆಗಿನ ಮೆಟ್ಟಿಲುಗಳನ್ನು ನೇಗಿಲು ಹಿಡಿದೇ ಹತ್ತಬಹುದು. ಆದ್ದರಿಂದ ಉಳುವವನನ್ನು ಕಂಡು ಮೂಗು ಮುರಿಯುವ ಅಧಿಕಾರವನ್ನು ಅಂಗಡಿಯ ಗಲ್ಲದ ಮೇಲೆ ಕುಳಿತವನಿಗೆ ಯಾವ ಶಾಸ್ತ್ರವೂ ಕೊಟ್ಟಿಲ್ಲ.

ಈ ಸೀಮೆಗೂ ಜಿನಧರ್ಮಕ್ಕೂ ಇರುವ ನಂಟು ಹಳೆಯದು. ಇಂದಿನ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರದ ನೆಲವು ಚಂಗಾಳ್ವ ಅರಸರ ನಾಡು. ಕಾವೇರಿ ಬಯಲಿನ ಚಿಕ್ಕಹನಸೋಗೆ ಅವರ ಕಾಲದಲ್ಲಿ ಜೈನರ ಮಹಾಕೇಂದ್ರವಾಗಿತ್ತು. ಅಲ್ಲಿಯ ಆದಿನಾಥ ಬಸದಿಯನ್ನು ಹನ್ನೊಂದನೆಯ ಶತಮಾನದಲ್ಲಿ ನನ್ನಿ ಚಂಗಾಳ್ವನು ಪುನರ್ನಿರ್ಮಿಸಿದುದನ್ನು ಶಾಸನಗಳು ತಿಳಿಸುತ್ತವೆ. ಆ ಊರಿನಲ್ಲಿ ಒಮ್ಮೆ ಅರವತ್ತನಾಲ್ಕು ಬಸದಿಗಳಿದ್ದುವೆಂಬುದು ಐತಿಹ್ಯ. ಮೂಲಸಂಘ ದೇಶೀಗಣ ಪುಸ್ತಕಗಚ್ಛದ ಆಚಾರ್ಯರ ಒಂದು ಶಾಖೆಗೆ ಪನಸೋಗೆಯ ಬಳಿ ಎಂದೇ ಹೆಸರು. 1432ರಲ್ಲಿ ಕಾರ್ಕಳದ ಬಾಹುಬಲಿ ಮೂರ್ತಿಯನ್ನು ಪ್ರತಿಷ್ಠಾಪಿಸಲು ವೀರಪಾಂಡ್ಯನಿಗೆ ಪ್ರೇರಣೆ ನೀಡಿದ ಲಲಿತಕೀರ್ತಿಗಳು ಈ ಬಳಿಗೆ ಸೇರಿದವರು. ಘಟ್ಟದ ಕೆಳಗಿನ ಆ ಮಹಾಮೂರ್ತಿಗೆ ಪ್ರೇರಣೆಯಾದ ಗುರುಪರಂಪರೆಗೆ ಹೆಸರನ್ನಿತ್ತದ್ದು ಭತ್ತ ಬೆಳೆಯುವ ಈ ಬಯಲಿನ ಹಳ್ಳಿ ಎಂಬುದನ್ನು ಎಷ್ಟು ಮಂದಿ ಯಾತ್ರಿಕರು ಬಲ್ಲರು? ಕೃಷಿಯನ್ನು ಕಲಿಸಿದ ಆದಿನಾಥರನ್ನೇ ಹೊಲಗಳ ನಡುವೆ ನೆಲೆಗೊಳಿಸಿದ ಬಸದಿ ಅದು. ಚಂಗಾಳ್ವರು ಮುಂದೆ ವೀರಶೈವರಾದರು, ಬಸದಿಗಳು ಕ್ಷೀಣಿಸಿದವು. ಆದರೂ ಬಿಳಿಕೆರೆಯ ಬಳಿ ಬೆಟ್ಟದೂರಿನ ಗುಡ್ಡದ ಮೇಲೆ ಗೊಮ್ಮಟಗಿರಿಯ ಬಾಹುಬಲಿ ಇಂದಿಗೂ ಸುತ್ತಲಿನ ರಾಗಿ ಹೊಲಗಳನ್ನು ನೋಡುತ್ತ ನಿಂತಿದ್ದಾನೆ.

ಚಂಗಾಳ್ವರ ಕೊನೆಯ ಕಾಲದಲ್ಲಿ, ಅವರ ಆಶ್ರಯದ ದಂಡನಾಯಕರ ಮನೆತನದಲ್ಲಿ ಹುಟ್ಟಿದ ಜೈನ ಕವಿ ಮೂರನೆಯ ಮಂಗರಸನು ಕಲ್ಲಹಳ್ಳಿಯ ಪ್ರಭು. ಆ ಕಲ್ಲಹಳ್ಳಿಯನ್ನು ವಿದ್ವಾಂಸರು ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯೊಡನೆ ಗುರುತಿಸುತ್ತಾರೆ. 1508ರ ಸುಮಾರಿನಲ್ಲಿದ್ದ ಈತನು ಸಮ್ಯಕ್ತ್ವಕೌಮುದಿ, ಜಯನೃಪಕಾವ್ಯ, ನೇಮಿಜಿನೇಶ ಸಂಗತಿಗಳ ಜೊತೆಗೆ ಸೂಪಶಾಸ್ತ್ರವೆಂಬ ಪಾಕಶಾಸ್ತ್ರ ಗ್ರಂಥವನ್ನೂ ಬರೆದನು. ಇತಿಹಾಸದ ದೃಷ್ಟಿಯಿಂದ ಇದು ಅಮೂಲ್ಯವಾದ ಕೃತಿ. ಬದನೆ, ಹಲಸು, ಬಿದಿರಿನ ಕಳಲೆ, ಹಿಟ್ಟಿನ ಭಕ್ಷ್ಯಗಳು, ಪಾನಕಗಳು, ಹೀಗೆ ಕಾಡೂ ಹೊಲವೂ ಹಿತ್ತಿಲೂ ಕೊಡುವ ಸಸ್ಯಾಹಾರವೇ ಅದರ ವಿಷಯ. ಅದರ ಅಡುಗೆಮನೆಯಲ್ಲಿ ಮೆಣಸಿನಕಾಯಿ ಇರಲಾರದು, ಮುಸುಕಿನ ಜೋಳ ಇರಲಾರದು. ಇವೆಲ್ಲ ಅಮೆರಿಕ ಖಂಡದಿಂದ ಪೋರ್ಚುಗೀಸರ ಮೂಲಕ ಈ ದೇಶಕ್ಕೆ ಬಂದದ್ದು ಅನಂತರ. ಅದೇ ಹಡಗುಗಳಲ್ಲಿ ಬಂದ ಇನ್ನೊಂದು ಗಿಡವೇ ಹೊಗೆಸೊಪ್ಪು. ಮಂಗರಸನ ಕಲ್ಲಹಳ್ಳಿಯ ಹೊಲಕ್ಕೆ ವಸಂತ ಬಂದಾಗ ರೈತನಿಗೆ ಇದ್ದ ಚಿಂತೆಗಳಲ್ಲಿ ಇದೊಂದು ಇರಲಿಲ್ಲ.

ವಿಚಿತ್ರವೆಂದರೆ, ಈ ಸೀಮೆಯ ಸಣ್ಣ ಹಿಡುವಳಿಗೆ ಇಂದಿನ ರೂಪ ಬರುವುದಕ್ಕೆ ಕಾರಣರಾದ ಇನ್ನೊಬ್ಬ ವ್ಯಕ್ತಿಯ ಊರೂ ಕಲ್ಲಹಳ್ಳಿಯೇ. 1915ರಲ್ಲಿ ಜನಿಸಿದ ಡಿ. ದೇವರಾಜ ಅರಸು ಅವರು ಮುಖ್ಯಮಂತ್ರಿಯಾಗಿದ್ದಾಗ ತಿದ್ದುಪಡಿಗೊಂಡ ಭೂಸುಧಾರಣಾ ಕಾನೂನು 1974ರ ಮಾರ್ಚ್ 1ರಂದು ಜಾರಿಗೆ ಬಂದಿತು. ಅದೂ ವಸಂತದ ಹೊಸ್ತಿಲಲ್ಲೇ. ಗೇಣಿದಾರರು ಅರ್ಜಿ ಕೊಟ್ಟರು, ಭೂ ನ್ಯಾಯಮಂಡಳಿಗಳು ಕುಳಿತವು, ಉಳುವವನಿಗೆ ಭೂಮಿ ಸೇರಿತು. ಅದಕ್ಕೂ ಮೊದಲೇ 1955ರ ಧಾರ್ಮಿಕ ಇನಾಂ ರದ್ದತಿಯ ಕಾನೂನಿನಿಂದ ಮೈಸೂರು ಸೀಮೆಯ ದೇವಾಲಯ ಬಸದಿಗಳ ಉಂಬಳಿ ಭೂಮಿಗಳು ಕೈಬಿಟ್ಟಿದ್ದವು. ಬಸದಿಗಳ ನಿತ್ಯಪೂಜೆಗೆ, ನಂದಾದೀಪಕ್ಕೆ ಆಧಾರವಾಗಿದ್ದ ಗೇಣಿ ನಿಂತು, ಅದರ ಬದಲಿಗೆ ಸಿಕ್ಕ ವರ್ಷಾಶನವು ಎಣ್ಣೆಗೂ ಸಾಲದೆ ಹೋದದ್ದು ಅನೇಕ ಆಡಳಿತ ಮಂಡಳಿಗಳ ಹಳೆಯ ಗೋಳು. ಆ ಗೋಳಿನಲ್ಲಿ ಸತ್ಯವಿಲ್ಲದಿಲ್ಲ. ಪೂಜೆ ನಿಂತ ಬಸದಿಗಳೂ ಉಂಟು. ಆದರೆ ತೂಕದ ಇನ್ನೊಂದು ತಟ್ಟೆಯನ್ನೂ ನೋಡಬೇಕು. ಗೇಣಿ ಒಕ್ಕಲಿನ ವಸಂತದಲ್ಲಿ ಗೊಬ್ಬರ ಹೊರುವವನು ಒಬ್ಬ, ಕಣದಲ್ಲಿ ಅಳೆದುಕೊಳ್ಳುವವನು ಇನ್ನೊಬ್ಬ. ಮುಂದಿನ ವರ್ಷ ಈ ಹೊಲ ತನಗುಂಟೋ ಇಲ್ಲವೋ ಎಂದು ತಿಳಿಯದವನು ಬದುವಿನ ಮೇಲೆ ಹುಣಸೆಯ ಸಸಿ ನೆಡುವುದುಂಟೆ? ಬದುವಿಗೆ ಕಲ್ಲು ಕಟ್ಟುವುದುಂಟೆ? ದಾನಶಾಸನಗಳಲ್ಲಿ ಭೂಮಿಯ ಎಲ್ಲೆ, ದಾನಿಯ ಹೆಸರು, ಗುರುವಿನ ಪರಂಪರೆ ಎಲ್ಲವೂ ಇವೆ. ಆ ಭೂಮಿಯನ್ನು ಉತ್ತವನ ಹೆಸರು ಸಾಮಾನ್ಯವಾಗಿ ಇರುವುದಿಲ್ಲ. 1974ರ ಕಾಗದಗಳಲ್ಲಿ ಆ ಹೆಸರು ಮೊದಲ ಬಾರಿಗೆ ಬರಹಕ್ಕೆ ಬಂದಿತು.

ವಸಂತವು ಸಾಲದ ಋತುವೂ ಹೌದು. ಜೀತದ ವರ್ಷವು ಯುಗಾದಿಯಿಂದ ಯುಗಾದಿಗೆ. ಹಬ್ಬದ ಹೋಳಿಗೆಯ ದಿನವೇ ಎಷ್ಟೋ ಬಡವರ ಮಕ್ಕಳು ಮುಂಗಡದ ಹಣಕ್ಕೆ ಪ್ರತಿಯಾಗಿ ಇನ್ನೊಬ್ಬರ ಕೊಟ್ಟಿಗೆ ಸೇರುತ್ತಿದ್ದರು. ಬಿತ್ತನೆಯ ರಾಗಿಯನ್ನು ಸಾಹುಕಾರನಿಂದ ಪಡೆದು ಸುಗ್ಗಿಯಲ್ಲಿ ಹೆಚ್ಚಿಗೆ ಸೇರಿಸಿ ಅಳೆದುಕೊಡುವ ರೂಢಿಯೂ ಎಲ್ಲೆಡೆ ಇತ್ತು. ಆ ಸಾಹುಕಾರರಲ್ಲಿ ಜಿನಮಂದಿರಕ್ಕೆ ತಪ್ಪದೆ ನಡೆಯುವವರೂ ಇದ್ದರೆಂಬುದನ್ನು ಮರೆಮಾಚಿ ಫಲವಿಲ್ಲ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಹೀನಾಧಿಕ ಮಾನೋನ್ಮಾನ, ಅಂದರೆ ಕೊಡುವಾಗ ಒಂದು ಅಳತೆ ಕೊಳ್ಳುವಾಗ ಇನ್ನೊಂದು, ಸೇರಿದೆ. ಗೃಧ್ರಪಿಂಛಾಚಾರ್ಯರು ಈ ದೋಷವನ್ನು ಹೆಸರಿಟ್ಟು ಎಣಿಸಿದರೆಂದರೆ ವರ್ತಕರ ಸ್ವಭಾವವನ್ನು ಅವರು ಬಲ್ಲವರಾಗಿದ್ದರು. 1976ರಲ್ಲಿ ಜೀತ ರದ್ದತಿಯ ಕಾನೂನೂ ಕರ್ನಾಟಕದ ಋಣ ಪರಿಹಾರ ಕಾನೂನೂ ಬಂದವು. ಅಡವಿಟ್ಟ ಒಡವೆ ಪಾತ್ರೆಗಳನ್ನು ಹಿಂದಿರುಗಿಸಬೇಕಾಗಿ ಬಂದಾಗ ವ್ಯಾಪಾರಿಗಳ ಬೀದಿಗಳಲ್ಲಿ ಎದ್ದ ಕೋಲಾಹಲವನ್ನು ಬಲ್ಲ ಹಿರಿಯರು ಇನ್ನೂ ಇದ್ದಾರೆ. ಉಪವಾಸದ ದಿನ ಹಸಿರು ತರಕಾರಿಯನ್ನು ಮುಟ್ಟದ ಕೈ, ಬಡ್ಡಿಯ ಲೆಕ್ಕದಲ್ಲಿಯೂ ಅಷ್ಟೇ ನಯವಾಗಿತ್ತೇ ಎಂಬ ಪ್ರಶ್ನೆಯನ್ನು ಆ ಬೀದಿಗಳು ಆಗ ಕೇಳಿಕೊಳ್ಳಲಿಲ್ಲ.

ಭೂಮಿ ಕೈಗೆ ಬಂದ ಸಣ್ಣ ರೈತನ ಬಳಿಗೆ ಅದೇ ದಶಕದಲ್ಲಿ ವರ್ಜೀನಿಯಾ ಹೊಗೆಸೊಪ್ಪು ದೃಢವಾಗಿ ಬಂದು ನಿಂತಿತು. 1975ರ ಕಾನೂನಿನಂತೆ ತಂಬಾಕು ಮಂಡಳಿ 1976ರ ಜನವರಿ 1ರಿಂದ ಅಸ್ತಿತ್ವಕ್ಕೆ ಬಂದಿತು. 1984ರಲ್ಲಿ ಕರ್ನಾಟಕದಲ್ಲಿ ಹರಾಜು ಪದ್ಧತಿ ಆರಂಭವಾಯಿತು. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಯ ಹಗುರ ಕೆಂಪು ಮಣ್ಣು, ಸಾಧಾರಣ ಮಳೆ ಈ ಬೆಳೆಗೆ ಒಗ್ಗಿದವು. ಕಟ್ಟೆಮಳಲವಾಡಿ, ಚಿಲ್ಕುಂದಗಳ ಹೆಸರು ಹರಾಜು ಕಟ್ಟೆಗಳಿಂದಾಗಿ ದೂರದ ಸಿಗರೇಟು ಕಂಪೆನಿಗಳಿಗೂ ಪರಿಚಯವಾದವು. ಲಿಖಿತ ದರ, ಬ್ಯಾಂಕಿನ ಮೂಲಕ ಹಣ, ಸರ್ಕಾರದ ತೂಕ, ಇವು ರಾಗಿಗೂ ಅವರೆಗೂ ಎಂದೂ ಸಿಗದಿದ್ದ ಸೌಲಭ್ಯಗಳು. ಹೆಂಚಿನ ಮನೆಗಳು ಎದ್ದವು, ಮಕ್ಕಳು ಮೈಸೂರಿನ ಕಾಲೇಜುಗಳಿಗೆ ಹೋದರು. ಇದನ್ನು ಒಪ್ಪಿಕೊಳ್ಳದೆ ಹೊಗೆಸೊಪ್ಪನ್ನು ನಿಂದಿಸುವುದು ಸುಲಭ, ನ್ಯಾಯವಲ್ಲ.

ಆದರೆ ಅದು ವಸಂತದ ರೂಪವನ್ನೇ ಬದಲಿಸಿತು. ಒಂದು ಗ್ರಾಮಿಗೆ ಹತ್ತು ಸಾವಿರಕ್ಕೂ ಮೇಲ್ಪಟ್ಟು ಬರುವಷ್ಟು ಸೂಕ್ಷ್ಮವಾದ ಬೀಜವನ್ನು ಮಾರ್ಚ್, ಏಪ್ರಿಲ್ ತಿಂಗಳಲ್ಲಿ ಸಸಿಮಡಿಗಳಿಗೆ ಹಾಕಬೇಕು. ಅದಕ್ಕೂ ಮೊದಲು ಮಡಿಯ ಮೇಲೆ ಹೊಟ್ಟು, ಕಸಕಡ್ಡಿಗಳನ್ನು ಹರಡಿ ಸುಡುವುದು ಹಳೆಯ ಶಿಫಾರಸು. ಮಣ್ಣಿನ ರೋಗಾಣು, ಕೀಟ, ಕಳೆಬೀಜಗಳೆಲ್ಲ ಸಾಯಲೆಂಬುದೇ ಅದರ ಉದ್ದೇಶ. ಹೊನ್ನಾರಿನ ನೇಗಿಲಿಗೆ ಸಿಕ್ಕ ಜೀವಿಯ ವಿಷಯದಲ್ಲಿ ಸೋಮದೇವಸೂರಿಗಳು ನೀಡಿದ ವಿನಾಯಿತಿ ಇಲ್ಲಿಗೆ ಅನ್ವಯಿಸುವುದೇ ಎಂಬುದು ಬಲ್ಲವರು ಚರ್ಚಿಸಬೇಕಾದ ವಿಷಯ. ಮುಂದೆ ತಟ್ಟೆಗಳಲ್ಲಿ ತೆಂಗಿನ ನಾರಿನ ಪುಡಿ ತುಂಬಿ ಸಸಿ ಬೆಳೆಸುವ ಕ್ರಮ ಬಂದು ಈ ಸುಡುವಿಕೆ ಎಷ್ಟೋ ಕಡಿಮೆಯಾಗಿದೆ. ಊರಿನ ಕೊಳವೆಬಾವಿಗಳು ತೇಕುವ ದಿನಗಳಲ್ಲಿಯೇ ಮಡಿಗೆ ದಿನಕ್ಕೆ ಹಲವು ಸಲ ನೀರು ಚಿಮುಕಿಸಬೇಕು. ಆ ಕೆಲಸ ಬಹುಪಾಲು ಹೆಂಗಸರದು. ಎರಡು ತಿಂಗಳ ಸಸಿಯನ್ನು ಮೇ ತಿಂಗಳ ಮಳೆಗೆ ನಾಟಿ ಮಾಡಬೇಕು. ಅಂದರೆ ಮುಂಗಾರು ಪೂರ್ವದ ಹದವೆಲ್ಲ ಹೊಗೆಸೊಪ್ಪಿಗೆ ಮೀಸಲು. ರಾಗಿಯು ಅದರ ಹಿಂದಿನಿಂದ, ಆಗಸ್ಟ್ ತಿಂಗಳಿಗೆ ಸರಿಯಿತು. ಅಕ್ಕಡಿ ಸಾಲುಗಳು ತೆಳುವಾದವು.

ವ್ಯಾಪಾರಿಯ ಕಣ್ಣಿನಿಂದ ನೋಡಿದರೂ ಈ ಲೆಕ್ಕ ವಿಚಿತ್ರವಾಗಿದೆ. ಹಣ ಹೋಗಲಾರಂಭಿಸುವುದು ಮಾರ್ಚ್ ತಿಂಗಳಿಂದ: ಸಸಿ, ಗೊಬ್ಬರ, ಔಷಧಿ, ನಾಟಿಯ ಕೂಲಿ, ಬ್ಯಾರನ್ನಿನ ದುರಸ್ತಿ, ಸೌದೆ. ಹಣ ಬರುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಹರಾಜು ತೆರೆದ ಮೇಲೆ. ಕೆಲವು ವರ್ಷ ಹರಾಜು ಮಾರ್ಚಿಯವರೆಗೂ ಎಳೆಯುತ್ತದೆ. ಹಿಂದಿನ ಬೆಳೆಯ ಕೊನೆಯ ಬೇಲಿನ ಹಣ ಕೈಸೇರುವ ಮೊದಲೇ ಮುಂದಿನ ಬೆಳೆಯ ಮಡಿಗೆ ಬೀಜ ಬಿದ್ದಿರುತ್ತದೆ. ನಷ್ಟವಾದವನೂ ಬಿಡಲಾರ, ಬಿಟ್ಟರೆ ಹಳೆಯ ಸಾಲ ತೀರುವ ದಾರಿಯೇ ಮುಚ್ಚುತ್ತದೆ, ಲೈಸೆನ್ಸಿನ ಬ್ಯಾರನ್ ವ್ಯರ್ಥವಾಗುತ್ತದೆ. ಯುಗಾದಿಯಿಂದ ಯುಗಾದಿಗೆ ಎಂಬ ಹಳೆಯ ಜೀತದ ಕರಾರು ಇಲ್ಲಿ ಇನ್ನೊಂದು ಹೆಸರಿನಲ್ಲಿ ಉಳಿದಂತೆ ಕಾಣುವುದು ಇದರಿಂದಲೇ.

ಬ್ಯಾರನ್ನಿನ ಮಾತು ಬಂತು. ಎಲೆಯನ್ನು ಕೋಲುಗಳಿಗೆ ಕಟ್ಟಿ, ಎತ್ತರದ ಕೋಣೆಯಲ್ಲಿ ಸಾಲುಸಾಲಾಗಿ ತೂಗುಹಾಕಿ, ಹೊರಗಿನ ಒಲೆಯಿಂದ ಕೊಳವೆಗಳ ಮೂಲಕ ಶಾಖ ಹಾಯಿಸಿ ಐದಾರು ದಿನ ಹಗಲಿರುಳು ಬೇಯಿಸಬೇಕು. ಹದಗೊಂಡ ಒಂದು ಕಿಲೋ ಎಲೆಗೆ ನಾಲ್ಕೈದು ಕಿಲೋ ಸೌದೆ ಬೇಕೆಂಬುದು ಸಾಧಾರಣ ಲೆಕ್ಕ. ಮೊದಮೊದಲು ಕಾಡು ಹತ್ತಿರವಿತ್ತು. ಕಾಡಿಗೆ ಕಾವಲು ಬಿದ್ದ ಮೇಲೆ ನೀಲಗಿರಿ, ಸರ್ವೆ, ಕೊಡಗಿನ ತೋಟಗಳ ಮರ ಬಂದವು. ಅವುಗಳ ಜೊತೆಗೆ ಹೊಲದ ಬದುವಿನ ಮಾವು, ಹುಣಸೆಗಳೂ ಒಲೆಗೆ ಹೋದವು. ಅಜ್ಜ ನೆಟ್ಟು ಮೊಮ್ಮಗ ಹಣ್ಣು ಬಿಡಿಸುತ್ತಿದ್ದ ಮರವು ಒಂದು ಹಂಗಾಮಿನ ಬೆಂಕಿಯಲ್ಲಿ ಮುಗಿದುಹೋಗುತ್ತದೆ. ಹದಿಮೂರನೆಯ ಶತಮಾನದಲ್ಲಿ ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಶ್ರಾವಕನು ವರ್ಜಿಸಬೇಕಾದ ಹದಿನೈದು ಖರಕರ್ಮಗಳನ್ನು ಪ್ರಸ್ತಾಪಿಸುತ್ತಾರೆ. ವನಜೀವಿಕೆ, ಅಗ್ನಿಜೀವಿಕೆ, ದವಪ್ರದ, ವಿಷವಾಣಿಜ್ಯಗಳು ಅವುಗಳಲ್ಲಿ ಕೆಲವು: ಮರ ಕಡಿದು ಬದುಕುವುದು, ಬೆಂಕಿಯಿಂದ ಬದುಕುವುದು, ಕಾಡಿಗೆ ಕಿಚ್ಚಿಡುವುದು, ವಿಷ ಮಾರುವುದು. ಹೊಗೆಸೊಪ್ಪಿನ ವ್ಯವಹಾರವನ್ನು ಈ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿದರೆ ಎಷ್ಟು ಹೆಸರುಗಳು ಹೊಂದುತ್ತವೆಂಬುದನ್ನು ಓದುಗರೇ ಎಣಿಸಬಹುದು. ಅದರ ಭಾರ ಸಸಿ ನೆಟ್ಟ ರೈತನ ಮೇಲೆ ಮಾತ್ರ ಬೀಳುವುದೆ? ಸೌದೆಯ ಲಾರಿಗೆ ಬಂಡವಾಳ ಹಾಕಿದವನು, ಗೊಬ್ಬರದಂಗಡಿಯಲ್ಲಿ ಹರಾಜಿನವರೆಗೆ ಉದ್ರಿ ಕೊಟ್ಟು ಬಡ್ಡಿ ಸೇರಿಸಿದವನು, ಮೂಲೆಯ ಅಂಗಡಿಯಲ್ಲಿ ಬೀಡಿ ಸಿಗರೇಟು ಮಾರುವವನು ಇವರೆಲ್ಲರ ಲೆಕ್ಕವೂ ಇದರಲ್ಲಿದೆ. ನೇಗಿಲು ಮುಟ್ಟದ ಕೈ ಎಂಬ ಒಂದೇ ಕಾರಣದಿಂದ ಅದು ಅಹಿಂಸೆಯ ಕೈಯಾಗುವುದಿಲ್ಲ.

ಭಾರತವು 2004ರಲ್ಲಿ ಅಂಗೀಕರಿಸಿದ ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಡಂಬಡಿಕೆಯು 2005ರ ಫೆಬ್ರವರಿಯಿಂದ ಜಾರಿಯಲ್ಲಿದೆ. ಬೆಳೆಗಾರರಿಗೆ ಬದಲಿ ಜೀವನೋಪಾಯ ಒದಗಿಸಬೇಕೆಂಬ ಮಾತು ಅದರ ಹದಿನೇಳನೆಯ ವಿಧಿಯಲ್ಲಿ ಇದೆ. ಹುಣಸೂರಿನ ಹೊಲದಲ್ಲಿ ಆ ಬದಲಿಯಾಗಿ ಬಂದವುಗಳಲ್ಲಿ ಮುಸುಕಿನ ಜೋಳವಿದೆ, ಶುಂಠಿಯಿದೆ. ಶುಂಠಿಗಾಗಿ ಕೇರಳದ ಕಡೆಯ ಬೆಳೆಗಾರರು ಒಂದೆರಡು ವರ್ಷಕ್ಕೆ ಹೊಲವನ್ನು ಗುತ್ತಿಗೆ ಹಿಡಿದು, ವಸಂತದಲ್ಲಿ ಏರು ಮಡಿ ಕಟ್ಟಿ, ಔಷಧಿ ಸುರಿದು, ಬೆಳೆ ಕಿತ್ತುಕೊಂಡು ಮುಂದಿನ ಹೊಲಕ್ಕೆ ಹೋಗುತ್ತಾರೆ. ಕಂತೆಯ ಹಣ ಒಂದೇ ಸಲ ಕೈಗೆ ಬರುತ್ತದೆ, ಸತ್ವಗುಂದಿದ ನೆಲ ಹಿಂದೆ ಉಳಿಯುತ್ತದೆ. 1974ರಲ್ಲಿ ಉಳುವವನಿಗೆ ಬಂದ ನೆಲವನ್ನು ಉಳುವವನೇ ಮತ್ತೆ ಗೇಣಿಗೆ ಕೊಡುತ್ತಿರುವ ಈ ಸಂಗತಿಯನ್ನು ಚರಿತ್ರಕಾರರು ಇನ್ನೂ ಸರಿಯಾಗಿ ಗಮನಿಸಿದಂತಿಲ್ಲ.

ಕಾಡಿನ ಕಡೆಗೆ ಮತ್ತೆ ತಿರುಗೋಣ. ನಾಗರಹೊಳೆ 1955ರಲ್ಲಿ ವನ್ಯಜೀವಿಧಾಮವಾಗಿ, 1988ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಶಿವರಾತ್ರಿಯ ಮೇಲೆ ತರಗೆಲೆ ಒಣಗಿ ಕಿಡಿಗೆ ಕಾದಿರುತ್ತದೆ. 1992ರಲ್ಲಿ ಇಲ್ಲಿ ಹಬ್ಬಿದ ಬೆಂಕಿಯನ್ನು ಜನ ಇನ್ನೂ ಮರೆತಿಲ್ಲ. ಆಶಾಧರರ ದವಪ್ರದವೆಂಬ ಶಬ್ದವು ಇಲ್ಲಿ ಪುಸ್ತಕದ ಶಬ್ದವಾಗಿ ಉಳಿಯುವುದಿಲ್ಲ. ಕಾಡಿನೊಳಗಿನ ಹಾಡಿಗಳಲ್ಲಿದ್ದ ಜೇನುಕುರುಬ ಮೊದಲಾದ ಕುಟುಂಬಗಳಲ್ಲಿ ಕೆಲವನ್ನು ವೀರನಹೊಸಹಳ್ಳಿಯ ಬಳಿಯ ನಾಗಾಪುರಕ್ಕೆ ತಂದು ಮನೆ, ಜಮೀನು ಕೊಡಲಾಯಿತು. ವಸಂತವೆಂದರೆ ಜೇನು ಎಂದು ತಿಳಿದಿದ್ದವರು ವಸಂತವೆಂದರೆ ಉಳುಮೆ ಎಂಬುದನ್ನು ಕಲಿಯಬೇಕಾಯಿತು. ಕಲಿಸುವವರು ಯಾರು, ಎತ್ತು ಎಲ್ಲಿ, ಬಿತ್ತನೆ ಎಲ್ಲಿ ಎಂಬ ಪ್ರಶ್ನೆಗಳಿಗೆ ಕಾಗದದ ಮೇಲಿನ ಉತ್ತರವೇ ಹೆಚ್ಚು.

ಕೆರೆಕಟ್ಟೆಗಳು ಬತ್ತಿದ ಈ ದಿನಗಳಲ್ಲಿ ಆನೆಗಳು ನೀರಿಗೆ ಹೊರಬರುತ್ತವೆ. ಹಿತ್ತಿಲಿನ ಹಲಸು ಬಲಿತಿತೆಂದರೆ ಅದರ ವಾಸನೆಯೇ ಕರೆಯುತ್ತದೆ. ಈ ಸಂಘರ್ಷ ಹೊಸದಲ್ಲ. 1800ರಲ್ಲಿ ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಮೂಲಕ ಪ್ರವಾಸ ಮಾಡಿದ ಫ್ರಾನ್ಸಿಸ್ ಬುಕಾನನನು, ರೈತರು ಕಾಡುಕುರುಬರನ್ನು ರಾತ್ರಿಯ ಕಾವಲಿಗೆ ನೇಮಿಸಿಕೊಳ್ಳುತ್ತಿದ್ದರೆಂದೂ ಅವರು ಸೀಳಿದ ಬಿದಿರಿನ ಪಂಜುಗ��ನ್ನು ಹಿಡಿದು ಆನೆಯ ಮುಂದಕ್ಕೇ ನಡೆದು ಅದನ್ನು ಹಿಮ್ಮೆಟ್ಟಿಸುತ್ತಿದ್ದರೆಂದೂ ಬರೆದಿದ್ದಾನೆ. ಆ ಕಾವಲಿನಲ್ಲಿ ಆನೆಯೂ ಉಳಿಯುತ್ತಿತ್ತು, ಬೆಳೆಯೂ ಉಳಿಯುತ್ತಿತ್ತು, ಕೆಲವೊಮ್ಮೆ ಕಾವಲಿನವನು ಉಳಿಯುತ್ತಿರಲಿಲ್ಲ. ಈಗ ಕಾಡಿನ ಅಂಚಿಗೆ ಕಂದಕ ಬಂದಿದೆ, ಸೌರಬೇಲಿ ಬಂದಿದೆ, ಹಳೆಯ ರೈಲುಕಂಬಿಗಳ ತಡೆ ಬಂದಿದೆ. ಇವೆಲ್ಲ ತಡೆಯುವ ಉಪಾಯಗಳು. ಆದರೆ ಸಾಲ ಮಾಡಿ ಬೆಳೆದ ಬೆಳೆ ಒಂದೇ ರಾತ್ರಿಗೆ ನೆಲಸಮವಾದಾಗ, ಕಂಬದ ತಂತಿಯಿಂದ ನೇರವಾಗಿ ಬೇಲಿಗೆ ವಿದ್ಯುತ್ತು ಹಾಯಿಸುವ ಕೈಗಳೂ ಈ ಸೀಮೆಯಲ್ಲಿ ಉಂಟು. ಅಲ್ಲಿಗೆ ವಿರೋಧಿ ಹಿಂಸೆಯ ಗೆರೆ ದಾಟಿ ಸಂಕಲ್ಪಿ ಹಿಂಸೆ ಆರಂಭವಾಗುತ್ತದೆ. ಬೆಳೆನಷ್ಟದ ಪರಿಹಾರ ತಡವಾದಷ್ಟೂ ಆ ಗೆರೆ ತೆಳ್ಳಗಾಗುತ್ತದೆ. ಜೀವದಯೆಗೆಂದು ಪ್ರತಿವರ್ಷ ದಾನ ಎತ್ತುವ ಮಂದಿರಗಳ ಹಣದಲ್ಲಿ ಒಂದಂಶ ಇಂತಹ ಅಂಚಿನ ಹೊಲದ ಬೇಲಿಗೆ ಬಂದದ್ದು ಕಡಿಮೆ.

ಅಶ್ವಿನಿಯ ಮೊದಲ ಗುಡುಗು ಲಕ್ಷ್ಮಣತೀರ್ಥದ ಆಚೆ ಕೊಡಗಿನ ಬೆಟ್ಟಗಳ ಕಡೆಯಿಂದ ಕೇಳಿಸುತ್ತದೆ. ಹನಗೋಡಿನ ಅಣೆಕಟ್ಟೆಯ ಕೆಳಗಿನ ನಾಲೆಯ ಜಮೀನಿನವರು ಅದಕ್ಕೆ ಅಷ್ಟಾಗಿ ಕಿವಿಗೊಡುವುದಿಲ್ಲ. ವೀರನಹೊಸಹಳ್ಳಿಯ ಮೆಟ್ಟಲು ಹೊಲದವರು ಎದ್ದು ಹೊರಗೆ ಬರುತ್ತಾರೆ. ಮಡಿಯಲ್ಲಿ ಹೊಗೆಸೊಪ್ಪಿನ ಸಸಿ ಬೆರಳುದ್ದ ಆಗಿರುತ್ತದೆ. ಅಟ್ಟದ ಮೇಲೆ, ಬೂದಿ ಬೆರೆಸಿ ಕಟ್ಟಿಟ್ಟ ಅವರೆ, ತೊಗರಿ ಬೀಜದ ಗಂಟುಗಳು ಕೆಲವು ಮನೆಗಳಲ್ಲಿ ಇನ್ನೂ ಇವೆ. ಬೆಳಗಾದ ಮೇಲೆ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಹಿಸುಕಿ, ಉಂಡೆ ಕಟ್ಟುತ್ತದೆಯೋ ಪುಡಿಯಾಗುತ್ತದೆಯೋ ನೋಡಿ, ಈ ಸಲ ಎಷ್ಟು ಗುಂಟೆಗೆ ಯಾವುದು ಎಂದು ಮನೆಮಂದಿ ಮಾತಿಗೆ ಕೂರುತ್ತಾರೆ.